ದಾಕ್ಷಿಣ್ಯ ಬಿಟ್ಟು ಬೆಟ್ಟ ಹತ್ತಿ: ಮೈಸೂರು, ಮಂಡ್ಯದಿಂದ ಹಿಮಾಲಯಕ್ಕೆ ಹೊರಡುವ ತಂಡಗಳಿಗೆ

ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲೆ. ಮಂಡ್ಯ ಇನ್ನೂ ಸ್ವಲ್ಪ ತಗ್ಗು. ಚಾಮುಂಡಿ ಬೆಟ್ಟದ ತುದಿ ಸಾವಿರ ಮೀಟರ್ ಚಿಲ್ಲರೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454, ರಾಜ್ಯಕ್ಕೇ ಎತ್ತರವಾದ ಮುಳ್ಳಯ್ಯನಗಿರಿ 1,930ರ ಆಸುಪಾಸು. ಗಾಳಿ ತೆಳುವಾಗಿ ಬರುವ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ನಮ್ಮ ಕಡೆ ಎಷ್ಟು ಬೆಟ್ಟ ಹತ್ತಿದರೂ ಕಾಲು ಗಟ್ಟಿಯಾಗುತ್ತದೆ, ದಮ್ಮು ಬರುತ್ತದೆ, ಎತ್ತರಕ್ಕೆ ಮಾತ್ರ ಮೈ ಒಗ್ಗುವುದಿಲ್ಲ. ಅದು ಅಲ್ಲಿಗೇ ಹೋಗಿ, ಅಲ್ಲೇ ಮಲಗಿ, ದಿನ ಕೊಟ್ಟು ಆಗಬೇಕಾದ ಕೆಲಸ.

ಮೇಲೆ ಹೋದ ಹಾಗೆ ಗಾಳಿಯಲ್ಲಿರುವ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಶೇ 21 ಹಾಗೆಯೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. 3,500 ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು, 5,500ರ ಹತ್ತಿರ ಅರ್ಧ. ಇದನ್ನು ಸರಿದೂಗಿಸಲು ಮೈ ಮೊದಲು ಉಸಿರಾಟ ಜೋರು ಮಾಡುತ್ತದೆ, ಆಮೇಲೆ ಮೂತ್ರಪಿಂಡಗಳು ರಕ್ತದ ಕ್ಷಾರವನ್ನು ಹೊರಹಾಕಿ ಹದಕ್ಕೆ ತರುತ್ತವೆ. ಈ ಎರಡನೇ ಕೆಲಸಕ್ಕೆ ದಿನಗಳೇ ಬೇಕು. ಮ್ಯಾರಥಾನ್ ಓಡುವವರಿಗೂ ಇದರಲ್ಲಿ ರಿಯಾಯಿತಿಯಿಲ್ಲ. ನಿಜಕ್ಕೂ ಗಟ್ಟಿಮುಟ್ಟಾದವರೇ ಬೇಗ ಬೇಗ ಹತ್ತಿ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ತಂಡವಾಗಿ ಹೋಗುವಾಗ ಇದರ ಜೊತೆಗೆ ಇನ್ನೊಂದು ತೊಡಕು ಸೇರುತ್ತದೆ, ಅದು ದಾಕ್ಷಿಣ್ಯ. ತಲೆ ಸಿಡಿಯುತ್ತಿದ್ದರೂ ‘ನನ್ನಿಂದ ಎಲ್ಲರ ಟ್ರಿಪ್ ಹಾಳಾಗೋದು ಬೇಡ’ ಎಂದು ಬಾಯಿ ಬಿಡದೆ ನಡೆಯುವವರು ನಮ್ಮಲ್ಲಿ ಬಹಳ. ಬೆಳಗ್ಗೆಯೇ ಹೇಳಿದ್ದರೆ ಒಂದು ದಿನದ ವಿಶ್ರಾಂತಿಯಲ್ಲಿ ಹೋಗುತ್ತಿದ್ದ ತಲೆನೋವು, ಮುಚ್ಚಿಟ್ಟರೆ ರಾತ್ರಿಯ ಹೊತ್ತಿಗೆ ಆ ಮನುಷ್ಯನನ್ನು ಹೊತ್ತು ಇಳಿಸುವ ಸ್ಥಿತಿಗೆ ಬರಬಹುದು. ಕೆಳಗೆ ಬರುವ ಕಟ್ಟಲೆಗಳಲ್ಲಿ ಹೆಚ್ಚಿನವು ಯಾರೂ ದಾಕ್ಷಿಣ್ಯಕ್ಕೆ ಬೀಳಬಾರದು ಎಂಬ ಒಂದೇ ಕಾರಣಕ್ಕೆ ಇವೆ.

ಎಷ್ಟು ಜನ, ಯಾವ ದಾರಿ, ಎಷ್ಟು ದಿನ

ಆರರಿಂದ ಹತ್ತು ಜನ ಸರಿ. ಮೂವರೇ ಹೋದರೆ, ಒಬ್ಬರಿಗೆ ಹುಷಾರು ತಪ್ಪಿ ಇನ್ನೊಬ್ಬರು ಜೊತೆಗೆ ಇಳಿದಾಗ ಮೂರನೆಯವರು ಒಂಟಿ. ಹನ್ನೆರಡು ದಾಟಿದರೆ ಸಾಲು ಉದ್ದವಾಗಿ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ, ಬೆಳಗಿನ ತಿಂಡಿಗೇ ಎರಡು ಗಂಟೆ ಹೋಗುತ್ತದೆ. ಎಂಟು ಜನರಾದರೆ ಲೆಕ್ಕ ಸಲೀಸು: ಇಬ್ಬಿಬ್ಬರಂತೆ ನಾಲ್ಕು ಟೆಂಟು, ನಾಲ್ಕು ಜೋಡಿ. ಜೋಡಿಯಲ್ಲಿ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣು ಇರಬೇಕು. ಊಟ ಬಿಟ್ಟರೇ, ನೀರು ಕುಡಿದರೇ, ಮಾತು ಕಡಿಮೆಯಾಯಿತೇ ಎಂದು ಮೊದಲು ತಿಳಿಯುವುದು ಟೆಂಟಿನ ಜೊತೆಗಾರರಿಗೇ.

ಹೊರಡುವ ಮೂರು ತಿಂಗಳ ಮುಂಚೆ ಎಲ್ಲರೂ ಒಂದೆಡೆ ಕೂತು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ಮುಂದೆ ನಡೆಯುವವರು ಯಾರು, ಕೊನೆಯಲ್ಲಿ ನಡೆಯುವವರು ಯಾರು, ತುದಿ ಮುಟ್ಟದಿದ್ದರೂ ಎಷ್ಟು ಗಂಟೆಗೆ ಹಿಂತಿರುಗಬೇಕು, ಯಾರಾದರೂ ಇಳಿಯಬೇಕಾದರೆ ಜೊತೆಗೆ ಹೋಗುವವರು ಯಾರು. ಇದಕ್ಕೆ ಒಂದು ಒಪ್ಪಂದ ಸೇರಿಸಿ: ಮೇಲೆ ಹೋಗಲು ಎಲ್ಲರ ಒಪ್ಪಿಗೆ ಬೇಕು, ಕೆಳಗಿಳಿಯಲು ಒಬ್ಬರ ಮಾತು ಸಾಕು. ಬಿಪಿ, ಸಕ್ಕರೆ, ಹೃದಯ, ಆಸ್ತಮಾ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರ ಮಾತು ಕೇಳಿಯೇ ಟಿಕೆಟ್ ಮಾಡಿಸಬೇಕು. ಯಾರಿಗೆ ಯಾವ ಮಾತ್ರೆ, ಯಾವ ಔಷಧಿಯ ಅಲರ್ಜಿ ಎಂಬುದು ತಂಡದ ಪುಸ್ತಕದಲ್ಲಿ ಇರಲಿ.

ಮೊದಲ ಸಲ ಹೋಗುವವರಿಗೆ ಉತ್ತರಾಖಂಡದ ಹರ್ ಕಿ ದೂನ್ ನಮ್ಮ ಆಯ್ಕೆ. ನದಿ ಕಣಿವೆಯನ್ನೇ ಹಿಡಿದು ಏರುವ ದಾರಿ, ಕೊನೆ ಸುಮಾರು 3,560 ಮೀಟರ್. ಎತ್ತರ ನಿಧಾನವಾಗಿ ಏರುವುದರಿಂದ ಮೈಗೆ ಸಮಯ ಸಿಗುತ್ತದೆ. ಹರ್ ಕಿ ದೂನ್‌ನ ಹಾಗೆಯೇ ಸಾಂಕ್ರಿ ಹಳ್ಳಿಯಿಂದ ಹೊರಡುವ ಕೇದಾರಕಂಠ ಸುಮಾರು 3,800 ಮೀಟರ್, ಚಳಿಗಾಲದ ಹಿಮಕ್ಕೆ ಹೆಸರಾದದ್ದು. ಮನಾಲಿ ಬಳಿಯ ಹಂಪ್ತಾ ಪಾಸ್ (ಪಾಸ್ ಎಂದರೆ ಬೆಟ್ಟಸಾಲನ್ನು ದಾಟುವ ತಗ್ಗು ಜಾಗ) ಸುಮಾರು 4,270 ಮೀಟರ್. ಕುಲ್ಲು ಕಡೆಯ ಹಸಿರಿನಿಂದ ಲಾಹೌಲ್ ಕಡೆಯ ಬೋಳು ಬೆಟ್ಟಕ್ಕೆ ಒಂದೇ ದಿನದಲ್ಲಿ ದಾಟಿಸುವ ದಾರಿ, ನೋಡಲೇಬೇಕಾದದ್ದು, ಆದರೆ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಲಡಾಖ್‌ನ 5,000 ಮೀಟರ್ ಮೀರಿದ ಪಾಸುಗಳು ಅದಕ್ಕೂ ಆಮೇಲೆ.

ದಾರಿ ಆರಿಸಿದ ಮೇಲೆ ಶಿಖರದ ಎತ್ತರಕ್ಕಿಂತ ಪ್ರತಿ ರಾತ್ರಿ ಮಲಗುವ ಎತ್ತರವನ್ನು ಒಂದು ಹಾಳೆಯಲ್ಲಿ ಬರೆಯಿರಿ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಹೆಚ್ಚು ಹತ್ತಿ, ಇಳಿದು ಬಂದು ಮಲಗಿದರೆ ಇನ್ನೂ ಒಳ್ಳೆಯದು. ಕೇದಾರಕಂಠವನ್ನೇ ತೆಗೆದುಕೊಳ್ಳಿ. ಸಾಂಕ್ರಿ ಸುಮಾರು 1,950, ಜುಡಾ ಕಾ ತಾಲಾಬ್ 2,750, ಮೇಲಿನ ಕ್ಯಾಂಪ್ 3,400. ಕೊನೆಯ ನೆಗೆತ ಆರುನೂರು ದಾಟಿತು, ಹಾಗಾಗಿ ತಾಲಾಬ್ ಬಳಿ ಎರಡು ರಾತ್ರಿ ಕಳೆಯುವುದು ಜಾಣತನ. ಹಂಪ್ತಾ ದಾರಿಯಲ್ಲಿ ಮನಾಲಿ 2,050, ಚಿಕಾ 3,100. ಒಂದೇ ದಿನಕ್ಕೆ ಸಾವಿರ ಮೀಟರ್. ಮನಾಲಿಯಲ್ಲಿ ಎರಡು ರಾತ್ರಿ, ಚಿಕಾದಲ್ಲಿ ಎರಡು ರಾತ್ರಿ ಇಟ್ಟುಕೊಂಡರೆ ಮುಂದಿನದು ಹಗುರ. ಬೆಂಗಳೂರಿನಿಂದ ವಿಮಾನ ಹತ್ತಿ ಲೇಹ್‌ನಲ್ಲಿ ಇಳಿಯುವವರು ಒಂದೇ ದಿನದಲ್ಲಿ 3,500 ಮೀಟರ್ ತಲುಪಿರುತ್ತಾರೆ. ಅಲ್ಲಿ ಎರಡು ಪೂರ್ತಿ ದಿನ ಬಜಾರಿನವರೆಗೆ ನಡೆದು ಬರುವುದಕ್ಕಿಂತ ಹೆಚ್ಚಿನದೇನೂ ಬೇಡ.

ಮೈಸೂರಿನಿಂದ ಹಜರತ್ ನಿಜಾಮುದ್ದೀನ್‌ಗೆ ವಾರಕ್ಕೊಮ್ಮೆ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಡೆಹ್ರಾಡೂನ್, ಮುಂದೆ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್ ಘಾಟಿ ರಸ್ತೆ, ಒಂದು ಹಗಲು ಪೂರ್ತಿ ಬೇಕು. ರೈಲಿನಲ್ಲಿ ಹೋಗಿ ಬರುವುದಾದರೆ ಎರಡು ವಾರದ ರಜೆ ಇಲ್ಲದೆ ಹೊರಡಬೇಡಿ. ಬೆಟ್ಟದಲ್ಲಿ ಕಳೆಯಬೇಕಾದ ದಿನಕ್ಕೆ ಕತ್ತರಿ ಹಾಕಿ ರಜೆಗೆ ಹೊಂದಿಸುವುದೇ ಎಲ್ಲ ತಪ್ಪುಗಳ ತಾಯಿಬೇರು. ಇಳಿದ ದಿನಕ್ಕೇ ವಾಪಸು ವಿಮಾನ ಮಾಡಿಸಬೇಡಿ, ಒಂದು ಗುಡ್ಡ ಕುಸಿದರೆ ರಸ್ತೆ ಒಂದು ದಿನ ಮುಚ್ಚುತ್ತದೆ.

ಸಾಂಕ್ರಿಯಿಂದ ಹೊರಡುವ ದಾರಿಗಳು ಗೋವಿಂದ ಪಶು ವಿಹಾರದ ಒಳಗಿವೆ, ನೈಟ್ವಾಡ್ ಚೆಕ್‌ಪೋಸ್ಟ್‌ನಲ್ಲಿ ಅರಣ್ಯ ಇಲಾಖೆಯ ಪರವಾನಗಿ ನೋಡುತ್ತಾರೆ. ಎಲ್ಲರ ಆಧಾರ್ ಪ್ರತಿ ಎರಡೆರಡು ಇರಲಿ. ಬುಗ್ಯಾಲ್ ಎನ್ನುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು, ಆದ್ದರಿಂದ ಕ್ಯಾಂಪಿನ ಜಾಗವನ್ನು ಅರಣ್ಯ ಕಚೇರಿಯಲ್ಲಿ ಕೇಳಿಯೇ ಗೊತ್ತುಮಾಡಿಕೊಳ್ಳಿ. ಊರಿನ ಗೈಡ್ ಇಲ್ಲದೆ ಹೋಗಬೇಡಿ. ಸ್ಯಾಟಲೈಟ್ ಫೋನನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತದಲ್ಲಿ ಬಳಸುವಂತಿಲ್ಲ, ಯಾರೋ ವಿದೇಶದಿಂದ ತಂದುಕೊಟ್ಟರು ಎಂದು ಬ್ಯಾಗಿಗೆ ಹಾಕಿಕೊಂಡರೆ ಕೇಸಾಗುತ್ತದೆ. ಕಾಶ್ಮೀರ, ಲಡಾಖ್‌ಗೆ ಹೋಗುವವರು ಪೋಸ್ಟ್‌ಪೇಯ್ಡ್ ಸಿಮ್ ಇಟ್ಟುಕೊಳ್ಳಿ, ಇಲ್ಲಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.

ಸಾವಿರದ ಎಂಟು ಮೆಟ್ಟಿಲು, ಹತ್ತು ವಾರ

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗಿಂತ ಒಳ್ಳೆಯ ಜಿಮ್ ಬೇರೆ ಬೇಡ. ಪಾದದಿಂದ ತುದಿಗೆ ಸುಮಾರು 250 ಮೀಟರ್ ಏರು. ಮೂರು ಸಲ ಹತ್ತಿಳಿದರೆ ಪಾಸ್ ದಾಟುವ ದಿನದ ಏರು ಮುಗಿದ ಹಾಗೆ. ಮಂಡ್ಯದವರಿಗೆ ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ, ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ ಇವೆ. ಬಂಡೆಯ ಮೇಲೆ ಕಾಲಿಡುವ ಅಭ್ಯಾಸಕ್ಕೆ ಕುಂತಿಬೆಟ್ಟ ಮೆಟ್ಟಿಲಿಗಿಂತ ಮೇಲು.

ಮೊದಲ ಮೂರು ವಾರ, ವಾರಕ್ಕೆ ಮೂರು ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ 45 ನಿಮಿಷ ಬಿರುಸು ನಡಿಗೆ, ಭಾನುವಾರ ಬರಿಗೈಯಲ್ಲಿ ಒಂದು ಸಲ ಬೆಟ್ಟ. ನಾಲ್ಕರಿಂದ ಏಳನೇ ವಾರ, ಬೆನ್ನಿಗೆ 5 ಕೆಜಿ ಹಾಕಿಕೊಂಡು ವಾರಕ್ಕೆ ಎರಡು ಸಲ ಬೆಟ್ಟ, ಭಾನುವಾರ ಎರಡು ಸುತ್ತು. ಎಂಟು, ಒಂಬತ್ತನೇ ವಾರ 10 ಕೆಜಿ, ಮೂರು ಸುತ್ತು, ಅದೂ ಶನಿವಾರ ಭಾನುವಾರ ಎರಡೂ ದಿನ ಬಿಡದೆ. ದಣಿದ ಕಾಲಿನಲ್ಲಿ ಮರುದಿನ ಮತ್ತೆ ನಡೆಯುವುದೇ ಟ್ರೆಕ್ಕಿಂಗ್, ಆ ಅಭ್ಯಾಸ ಬೇಕು. ಹತ್ತನೇ ವಾರ ಮೈಗೆ ಬಿಡುವು ಕೊಡಿ.

ಭಾರಕ್ಕೆ ನೀರಿನ ಬಾಟಲಿಗಳೇ ವಾಸಿ. ಶುರುವಿನಲ್ಲಿ ತುದಿ ತಲುಪಿದ ಮೇಲೆ ನೀರು ಚೆಲ್ಲಿ ಹಗುರವಾಗಿ ಇಳಿಯಿರಿ, ಮಂಡಿ ಉಳಿಯುತ್ತದೆ. ಕೊನೆಯ ಮೂರು ವಾರ ಮಾತ್ರ ಭಾರದೊಂದಿಗೇ ಇಳಿಯಿರಿ. ಹಿಮಾಲಯದಲ್ಲಿ ಮಂಡಿ ಕೈಕೊಡುವುದು ಏರುವಾಗ ಅಲ್ಲ, ಇಳಿಯುವಾಗ. ಹತ್ತುತ್ತಾ ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ, ಒಂದೊಂದೇ ಪದ ಬರುತ್ತಿದ್ದರೆ ಜಾಸ್ತಿಯಾಯಿತು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ, ಅವರಿಗೆ ದಾರಿ ಬಿಟ್ಟು ಅಂಚಿನಲ್ಲಿ ನಡೆಯಿರಿ. ಆಷಾಢ ಶುಕ್ರವಾರಗಳಂದು ಅಭ್ಯಾಸದ ಮಾತೇ ಬೇಡ.

ಹೊರಡುವ ಮುನ್ನ ಒಂದು ರಾತ್ರಿ ಪರಿಚಯದವರ ತೋಟದಲ್ಲಿ ಎಲ್ಲರೂ ಟೆಂಟು ಹಾಕಿ ಮಲಗಿ. ಕತ್ತಲಲ್ಲಿ ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಟೆಂಟು ಕಟ್ಟಿ, ಒಲೆ ಹಚ್ಚಿ, ಅಡುಗೆ ಮಾಡಿ, ಬೆಳಗ್ಗೆ ಮಡಿಚಿ ತುಂಬಿ. ಒಂದು ಗೂಟ ಕಡಿಮೆ, ಒಂದು ಜಿಪ್ ಕಿತ್ತಿದೆ ಎಂಬುದೆಲ್ಲ ಅಲ್ಲೇ ಗೊತ್ತಾಗಲಿ.

ಬ್ಯಾಗು, ಬಟ್ಟೆ, ಬೂಟು

50ರಿಂದ 60 ಲೀಟರ್ ಬ್ಯಾಗು ಸಾಕು. ಒಟ್ಟು ಭಾರ ನಿಮ್ಮ ತೂಕದ ಐದನೇ ಒಂದು ಪಾಲು ದಾಟದಿರಲಿ, 60 ಕೆಜಿ ಇರುವವರಿಗೆ 12 ಕೆಜಿ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಭಾರದ ಸಾಮಾನು ನಡುವೆ ಬೆನ್ನಿಗೆ ಒತ್ತಿಕೊಂಡು, ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಸೊಂಟಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿದರೆ ಹೆಚ್ಚಿನ ಭಾರ ಕಾಲಿಗೆ ಇಳಿದು ಭುಜ ಉಳಿಯುತ್ತದೆ. ಹೊರಗಿನ ಮಳೆ ಕವರ್ ಗಾಳಿಗೆ ಹಾರುತ್ತದೆ, ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬಿ.

ಎಂಟು ಜನಕ್ಕೆ ಎಂಟು ಟೂತ್‌ಪೇಸ್ಟ್, ಎಂಟು ಔಷಧಿ ಡಬ್ಬಿ ಬೇಡ. ಒಂದು ಕುಕ್ಕರ್, ಒಂದು ಔಷಧಿ ಡಬ್ಬಿ, ಒಂದು ರಿಪೇರಿ ಚೀಲ. ಈ ಸಾಮಾನನ್ನು ತಲೆ ಎಣಿಸಿ ಸಮ ಹಂಚಬೇಡಿ, ಮೈ ತೂಕ ನೋಡಿ ಹಂಚಿ. ಊಟದ ಸಾಮಾನು ದಿನದಿನಕ್ಕೆ ಕರಗುತ್ತದೆ, ಮೊದಲ ದಿನದ ದಿನಸಿ ನಿಧಾನಕ್ಕೆ ನಡೆಯುವವರ ಬ್ಯಾಗಿನಲ್ಲಿರಲಿ, ಸಂಜೆಗೆ ಅವರ ಹೊರೆ ಇಳಿಯುತ್ತದೆ.

ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಚಳಿ ಹೆಚ್ಚು. ಮೈಸೂರಿನ ಡಿಸೆಂಬರ್ ಬೆಳಗು ಹದಿನೈದು ಹದಿನಾರು ಡಿಗ್ರಿಗೇ ನಮಗೆ ನಡುಕ, ಅಲ್ಲಿ ಸೊನ್ನೆಗಿಂತ ಕೆಳಗೆ. ಹತ್ತಿ ಬನಿಯನ್, ಜೀನ್ಸ್ ಬಿಟ್ಟುಹೋಗಿ. ಹತ್ತಿ ಬೆವರು ಕುಡಿದು ಒಣಗದೆ ಮೈಗಂಟಿ, ನಿಂತ ಕೂಡಲೇ ಮೈ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಮೈಗೆ ತಾಗಿ ಸಿಂಥೆಟಿಕ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ನಿಂತಾಗ ಹಾಕಲು ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ಡೌನ್ ಜಾಕೆಟ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಜರ್ಕಿನ್. ನಡೆಯುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿ, ನಿಂತ ತಕ್ಷಣ ಒಂದು ಪದರ ಸೇರಿಸಿ. ಉಣ್ಣೆ ಟೋಪಿ, ಕೈಗವಸುಗಳನ್ನು ಬೈಲುಕುಪ್ಪೆಯಲ್ಲೇ ಕೊಳ್ಳಬಹುದು. ಮಲಗುವುದಕ್ಕೆಂದೇ ಒಂದು ಜೊತೆ ಒಣ ಸಾಕ್ಸ್ ಎತ್ತಿಡಿ, ಅದನ್ನು ಹಾಕಿ ನಡೆಯಬೇಡಿ. ಕಪ್ಪು ಕನ್ನಡಕ ಶೋಕಿಗಲ್ಲ, ಹೊಸ ಹಿಮ ಅತಿನೇರಳೆ ಕಿರಣದ ಶೇ 80ರವರೆಗೆ ಮುಖಕ್ಕೇ ತಿರುಗಿಸಿ ಎಸೆಯುತ್ತದೆ, ಬರಿಗಣ್ಣಿನಲ್ಲಿ ಒಂದು ದಿನ ನಡೆದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿ.

ಬೂಟು ಕೊಂಡು ಕನಿಷ್ಠ ಆರು ವಾರ ಪಳಗಿಸಿ. ದಪ್ಪ ಸಾಕ್ಸ್ ಹಾಕಿ ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಅಳತೆ ನೋಡಿ. ಬೂಟಿನಲ್ಲಿ ಬೆರಳನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಕೈಬೆರಳೊಂದು ಹೋಗಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಕಾಲುಗುರು ಕಪ್ಪಾಗುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ಬೂಟನ್ನು ನಂಬಬೇಡಿ, ನೋಡಲು ಹೊಸದರಂತಿದ್ದರೂ ಅಟ್ಟೆಯ ನಡುವಿನ ಮೆತ್ತನೆ ಪದರ ತೇವಕ್ಕೆ ಒಳಗೊಳಗೇ ಹಾಳಾಗಿ ಎರಡನೇ ದಿನ ಸೋಲೇ ಕಳಚಿ ಬೀಳುತ್ತದೆ. ಹಿಮ್ಮಡಿ ಬಿಸಿಯಾಗುತ್ತಿದೆ ಅನ್ನಿಸಿದ ಆ ನಿಮಿಷವೇ ನಿಂತು ಟೇಪ್ ಹಚ್ಚಿ. ಇಲ್ಲೂ ದಾಕ್ಷಿಣ್ಯವೇ ಗುಳ್ಳೆ ಎಬ್ಬಿಸುವುದು, ಎಲ್ಲರನ್ನೂ ನಿಲ್ಲಿಸುವುದು ಹೇಗೆ ಎಂದು ಅರ್ಧ ಗಂಟೆ ತಡೆದರೆ ಮೂರು ದಿನ ಕುಂಟಬೇಕು.

ಒಲೆ ಮತ್ತು ಊಟ

4,000 ಮೀಟರ್‌ನಲ್ಲಿ ನೀರು 86–87 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗುವುದಿಲ್ಲ. ತೊಗರಿಬೇಳೆ ಒಂದು ಗಂಟೆ ಕುದಿದರೂ ಕಾಳಾಗಿಯೇ ಇರುತ್ತದೆ, ಅನ್ನ ಹೊರಗೆ ಮುದ್ದೆ ಒಳಗೆ ಅಕ್ಕಿ. ಹಾಗಾಗಿ ಭಾರವಾದರೂ ಎಂಟು ಜನಕ್ಕೆ 5 ಲೀಟರ್ ಕುಕ್ಕರ್ ಹೊರಲೇಬೇಕು. ಹೊರಡುವ ಮುನ್ನ ಗ್ಯಾಸ್ಕೆಟ್ ಹೊಸದು ಹಾಕಿ, ಇನ್ನೊಂದು ಜೊತೆಗಿರಲಿ. ತೊಗರಿಯ ಬದಲು ಹೆಸರುಬೇಳೆ ಒಯ್ಯಿರಿ. ಬೆಳಗ್ಗೆ ಅಗಲ ಬಾಯಿಯ ಬಾಟಲಿಯಲ್ಲಿ ನೆನೆಹಾಕಿ ಬ್ಯಾಗಿಗೆ ಸಿಕ್ಕಿಸಿಕೊಂಡರೆ, ಕ್ಯಾಂಪ್ ತಲುಪುವ ಹೊತ್ತಿಗೆ ಬೇಯಲು ಸಿದ್ಧ.

ಒಬ್ಬರಿಗೆ ದಿನಕ್ಕೆ ಸುಮಾರು 750 ಗ್ರಾಂ ಒಣ ದಿನಸಿ ಲೆಕ್ಕ ಹಾಕಿ: ಅಕ್ಕಿ 150, ಗಟ್ಟಿ ಅವಲಕ್ಕಿ ಅಥವಾ ಹುರಿದ ರವೆ 100, ಹೆಸರುಬೇಳೆ 60, ರಾಗಿ ಹುರಿಹಿಟ್ಟು 80, ಬೆಲ್ಲ 80, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಒಣದ್ರಾಕ್ಷಿ ಸೇರಿ 130, ಶ್ಯಾವಿಗೆ 70, ಹಾಲಿನ ಪುಡಿ 40, ತುಪ್ಪ 40. ಇಷ್ಟರಲ್ಲಿ 3,000 ಕ್ಯಾಲೊರಿ ದಾಟುತ್ತದೆ. ಉಪ್ಪು, ಸಾರಿನ ಪುಡಿ, ಚಟ್ನಿಪುಡಿ ಬೇರೆ.

ರಾಗಿ ಹುರಿಹಿಟ್ಟಿಗೆ ಸಾಟಿಯಾದ ಬೆಟ್ಟದ ಊಟ ಇನ್ನೊಂದಿಲ್ಲ. ರಾಗಿ ಅರಳು ಮೊದಲೇ ಹುರಿದು ಅರಳಿದ್ದರಿಂದ ಬೇಯಿಸುವುದೇ ಬೇಡ, ಬಿಸಿನೀರಿಗೆ ಹಾಲಿನ ಪುಡಿ, ಮಂಡ್ಯದ ಅಚ್ಚು ಬೆಲ್ಲದ ಪುಡಿ, ಒಂದು ಚಮಚ ತುಪ್ಪ ಹಾಕಿ ಕಲಸಿದರೆ ಎರಡು ನಿಮಿಷದಲ್ಲಿ ತಿಂಡಿ. ಮುದ್ದೆಯ ಆಸೆ ಮಾತ್ರ ಊರಿಗೆ ಬಂದ ಮೇಲೆ ತೀರಿಸಿಕೊಳ್ಳಿ, ಅಷ್ಟು ಹೊತ್ತು ಬೇಯಿಸಿ ತಿರುವಲು ಗ್ಯಾಸ್ ಸಾಲದು. ಗೊಜ್ಜವಲಕ್ಕಿಗೆ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ ಹುಣಸೆ, ಬೆಲ್ಲ, ಪುಡಿ ಬೆರೆಸಿ ಒಣಗಿಸಿ ಒಯ್ದರೆ ಬಿಸಿನೀರು ಹುಯ್ದು ಮುಚ್ಚಿಟ್ಟರೆ ಆಯಿತು. ಪುಳಿಯೋಗರೆ ಗೊಜ್ಜು ನೀರು ತಾಗದಂತೆ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿದ್ದರೆ ವಾರ ಕೆಡುವುದಿಲ್ಲ. ಎತ್ತರದಲ್ಲಿ ಹಸಿವೇ ಸಾಯುತ್ತದೆ, ಗೊತ್ತಿಲ್ಲದ ಪೊಟ್ಟಣದ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಆಗ ಬಿಸಿ ಬಿಸಿ ಮೆಣಸಿನ ಸಾರು ಎರಡು ಲೋಟ ಕುಡಿದವರು ಮೂರನೆಯದಕ್ಕೆ ಅನ್ನ ಕಲಸುತ್ತಾರೆ. ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಬೇರೆ ಎಣ್ಣೆ ಒಯ್ಯಿರಿ.

ಗ್ಯಾಸ್ ಸಿಲಿಂಡರ್ ರೈಲಿನಲ್ಲೂ ಇಲ್ಲ, ವಿಮಾನದಲ್ಲೂ ಇಲ್ಲ. ಡೆಹ್ರಾಡೂನ್, ಮನಾಲಿಯಲ್ಲಿ ಕೊಳ್ಳಬೇಕು. ಬರೀ ಬ್ಯೂಟೇನ್ ಇರುವ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದೇ ನಿಲ್ಲುತ್ತದೆ, ಡಬ್ಬಿ ತುಂಬಿದ್ದರೂ ಉರಿ ಬಾರದು. ಐಸೋಬ್ಯೂಟೇನ್, ಪ್ರೊಪೇನ್ ಬೆರೆತದ್ದನ್ನೇ ಕೇಳಿ. ಅನ್ನ, ಸಾರು, ಕುಡಿಯುವ ಬಿಸಿನೀರು ಎಲ್ಲ ಸೇರಿ ತಲೆಗೆ ದಿನಕ್ಕೆ 40–50 ಗ್ರಾಂ ಬೇಕಾಗುತ್ತದೆ. ಎಷ್ಟೇ ಚಳಿಯಿರಲಿ, ಮುಚ್ಚಿದ ಟೆಂಟಿನೊಳಗೆ ಒಲೆ ಹಚ್ಚಬೇಡಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಕುಡಿಯುವ ನೀರನ್ನು ಕೊತಕೊತ ಕುದಿ ಬಂದ ಮೇಲೆ ಮೂರು ನಿಮಿಷ ಕುದಿಸಿ. ಕ್ಲೋರಿನ್ ಮಾತ್ರೆ ತಣ್ಣೀರಿನಲ್ಲಿ ನಿಧಾನ, ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಸಾಕು, ಮೂತ್ರ ತಿಳಿ ಬಣ್ಣದಲ್ಲಿದ್ದರೆ ಸರಿ. ಅಡುಗೆಯವರ ಕೈ ಸೋಪಿನಲ್ಲಿ ತೊಳೆದಿರಲಿ, ಒಬ್ಬರ ಭೇದಿ ಎರಡು ದಿನದಲ್ಲಿ ಎಂಟು ಜನಕ್ಕೂ ಹಬ್ಬುತ್ತದೆ. ಮಲ ವಿಸರ್ಜನೆಗೆ ನೀರಿನಿಂದ 60 ಮೀಟರ್ ದೂರ ಹೋಗಿ, ಒಂದು ಗೇಣು ಆಳ ತೋಡಿ, ಮುಚ್ಚಿ. ಪ್ಯಾಡ್, ಟಿಶ್ಯೂ, ಪ್ಲಾಸ್ಟಿಕ್ ಎಲ್ಲ ಜಿಪ್ ಕವರಿನಲ್ಲಿ ವಾಪಸು.

ನಡಿಗೆ

ದಾರಿ ಬಲ್ಲವರು ಮೊದಲು, ಅವರ ಹಿಂದೆಯೇ ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರು. ಕೊನೆಗೆ ಗಟ್ಟಿಗರೊಬ್ಬರು, ಔಷಧಿ ಡಬ್ಬಿ ಅವರ ಬಳಿ. ನಿಧಾನದವರನ್ನು ಹಿಂದೆ ಬಿಟ್ಟರೆ, ಮುಂದಿನವರು ಕೂತು ದಣಿವಾರಿಸಿಕೊಂಡು, ಹಿಂದಿನವರು ಏದುಸಿರು ಬಿಡುತ್ತಾ ತಲುಪಿದ ಕ್ಷಣಕ್ಕೇ ‘ಹೊರಡೋಣ’ ಎನ್ನುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿಯಿಲ್ಲ. 50 ನಿಮಿಷ ನಡೆದು ಐದು ನಿಮಿಷ ನಿಲ್ಲಿ, ಆ ಐದು ನಿಮಿಷ ಕೊನೆಯವರು ಬಂದ ಮೇಲೆ ಶುರು.

ಪಾಸನ್ನು ಬೆಳಗ್ಗೆ ಹನ್ನೊಂದರೊಳಗೆ ದಾಟಿ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಹಿಮ ಕರಗಿ ಹರಿಯುವ ಹೊಳೆಗಳೂ ಹಾಗೆಯೇ, ಬೆಳಗ್ಗೆ ಮೀನಖಂಡದವರೆಗೆ ಇದ್ದ ನೀರು ಸಂಜೆಗೆ ತೊಡೆ ಮುಟ್ಟಬಹುದು. ದಾಟುವಾಗ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಬ್ಯಾಗು ಕಳಚಿಕೊಳ್ಳಬೇಕು. ಚಪ್ಪಲಿ ಹಾಕಿ, ನೀರು ಬರುವ ಕಡೆ ಮುಖ ಮಾಡಿ, ಮೂವರು ಮೂವರಾಗಿ ತೋಳು ಹೆಣೆದುಕೊಂಡು ಅಡ್ಡಡ್ಡ ಸರಿಯಿರಿ. ರಾತ್ರಿ ಫೋನು, ಪವರ್ ಬ್ಯಾಂಕ್ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಲಿ, ಚಳಿಗೆ ಬ್ಯಾಟರಿ ಕುಸಿಯುತ್ತದೆ.

ಸಂಜೆಯ ಲೆಕ್ಕ

‘ಹೇಗಿದ್ದೀರಿ?’ ಎಂದು ಕೇಳಿದರೆ ನಮ್ಮಲ್ಲಿ ಬರುವ ಉತ್ತರ ಒಂದೇ, ‘ಚೆನ್ನಾಗಿದ್ದೀನಿ’. ಹಾಗೆ ಕೇಳಬೇಡಿ, ಅಂಕಿ ಕೇಳಿ. ದಿನಾ ಸಂಜೆ ಊಟಕ್ಕೆ ಮುಂಚೆ ಮತ್ತು ಬೆಳಗ್ಗೆ ಎದ್ದ ಮೇಲೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ನಾಲ್ಕು ಪ್ರಶ್ನೆ: ತಲೆನೋವು, ಹೊಟ್ಟೆ ತೊಳಸು ಅಥವಾ ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕಿ, ಸೊನ್ನೆ ಎಂದರೆ ಏನೂ ಇಲ್ಲ, ಮೂರು ಎಂದರೆ ತಡೆಯಲಾಗದು. ಪುಸ್ತಕದಲ್ಲಿ ಬರೆಯಿರಿ. ವೈದ್ಯರು ಬಳಸುವ ಲೇಕ್ ಲೂಯಿಸ್ ಪಟ್ಟಿಯ ಲೆಕ್ಕ ಇದೇ. ಮುಂದಾಳು ತನ್ನ ಅಂಕಿಯನ್ನು ಎಲ್ಲರೆದುರು ಮೊದಲು ಹೇಳಲಿ. ಅವರೇ ‘ತಲೆನೋವು ಒಂದು’ ಎಂದರೆ ಉಳಿದವರ ಬಾಯಿ ತಾನಾಗಿ ಬಿಚ್ಚುತ್ತದೆ.

ತಲೆನೋವು ಇದ್ದು ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಅದು ಎತ್ತರದ ಕಾಯಿಲೆಯೇ. ‘ಬಿಸಿಲು ತಾಗಿರಬೇಕು’, ‘ನಿದ್ದೆ ಸಾಲದು’ ಎಂಬ ವಿವರಣೆ ಬೇಡ. ಸಾಮಾನ್ಯವಾಗಿ ಹೊಸ ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಯಲ್ಲಿ ಶುರುವಾಗುತ್ತದೆ. ಅಲ್ಲೇ ಉಳಿಯಿರಿ, ಮೇಲೆ ಹೋಗಬೇಡಿ, ಪ್ಯಾರಾಸಿಟಮಾಲ್, ನೀರು, ಬಿಸಿ ಊಟ. ಒಂದೆರಡು ದಿನದಲ್ಲಿ ಇಳಿದರೆ ಮುಂದೆ, ಇಳಿಯದಿದ್ದರೆ ಅಥವಾ ಹೆಚ್ಚಾದರೆ ಕೆಳಗೆ. ಮದ್ಯ, ನಿದ್ದೆ ಮಾತ್ರೆ ಮುಟ್ಟಬೇಡಿ. ನಿದ್ದೆಯಲ್ಲಿ ಉಸಿರು ಕೆಲ ಸೆಕೆಂಡು ನಿಂತು ಮತ್ತೆ ಜೋರಾಗಿ ಬರುವುದು ಎತ್ತರದಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಾಗಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ತಣ್ಣಗಿನ ಬೆರಳಿನಲ್ಲಿ ತಪ್ಪು ತೋರಿಸುತ್ತದೆ, ಅಂಕಿ ಚೆನ್ನಾಗಿದೆ ಎಂದು ತಲೆನೋವನ್ನು ತಳ್ಳಿಹಾಕಬೇಡಿ.

ಮುನ್ನೆಚ್ಚರಿಕೆಗೆ ಅಸಿಟಜೋಲಮೈಡ್, ಅಂದರೆ ಡಯಾಮಾಕ್ಸ್, ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರ ಬರುವುದು ಅದರ ಗುಣ. ಸಲ್ಫಾ ಅಲರ್ಜಿ ಇರುವವರಿಗೆ ಆಗದಿರಬಹುದು. ಮೈಸೂರಿನಲ್ಲೇ ವೈದ್ಯರನ್ನು ಕಂಡು ಬರೆಸಿಕೊಳ್ಳಿ, ಎತ್ತರದ ಗಂಭೀರ ತೊಂದರೆಗೆ ಕೊಡುವ ಡೆಕ್ಸಾಮೆಥಸೋನ್, ನಿಫೆಡಿಪಿನ್‌ ಯಾವಾಗ, ಎಷ್ಟು ಎಂಬುದನ್ನೂ ಅವರಿಂದಲೇ ಬರಹದಲ್ಲಿ ಪಡೆಯಿರಿ. ಮಾತ್ರೆ ಇದೆ ಎಂದು ದಿನ ಉಳಿಸುವುದು ತಪ್ಪು.

ಎರಡು ಸ್ಥಿತಿಯಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಒಂದು, ಮಿದುಳು ಊದಿಕೊಳ್ಳುವುದು. ಕುಡಿದವರ ಹಾಗೆ ತೂರಾಡುತ್ತಾರೆ, ಮಾತು ತೊದಲುತ್ತದೆ, ಬೂಟಿನ ದಾರ ಕಟ್ಟಲಾಗುವುದಿಲ್ಲ. ನೆಲದ ಮೇಲೆ ಮೂರು ಮೀಟರ್ ಹಗ್ಗ ಹಾಸಿ, ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿ ನೋಡಿ, ಓಲಾಡಿದರೆ ಸಂಶಯ ಬೇಡ. ಇನ್ನೊಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಕೂತು ಕಾಲು ಗಂಟೆಯಾದರೂ ಉಬ್ಬಸ ನಿಲ್ಲುವುದಿಲ್ಲ, ಒಣ ಕೆಮ್ಮು ಕ್ರಮೇಣ ನೊರೆಯಾಗುತ್ತದೆ, ತುಟಿ ಉಗುರು ನೀಲಿ. ಸಾಮಾನ್ಯವಾಗಿ ಎರಡನೇ ರಾತ್ರಿಯ ಕಾಯಿಲೆ ಇದು, ತಲೆನೋವೇ ಇಲ್ಲದೆಯೂ ಬರಬಹುದು. ಎರಡಕ್ಕೂ ಮದ್ದು ಇಳಿಯುವುದು, ಕನಿಷ್ಠ 300 ಮೀಟರ್, ಆಗುವುದಾದರೆ ಸಾವಿರ, ಸುಧಾರಿಸುವವರೆಗೆ. ಆಮ್ಲಜನಕ, ವೈದ್ಯರು ಬರೆದ ಮಾತ್ರೆ ದಾರಿಯಲ್ಲೇ. ಶ್ವಾಸಕೋಶದ ತೊಂದರೆಯವರನ್ನು ನಡೆಸಬೇಡಿ, ದಣಿವು ಮತ್ತು ಚಳಿ ಎರಡೂ ಅದನ್ನು ಹೆಚ್ಚಿಸುತ್ತವೆ, ಬೆಚ್ಚಗೆ ಹೊದಿಸಿ ಕುದುರೆಯ ಮೇಲೆ ಅಥವಾ ಹೊತ್ತು ಇಳಿಸಿ. ಅದಕ್ಕೇ ಹೊರಡುವಾಗಲೇ ಒಂದು ಕುದುರೆ ಗೊತ್ತುಮಾಡಿರಬೇಕು.

ಸೌಮ್ಯ ಲಕ್ಷಣಕ್ಕೆ ಇಳಿಯುವವರ ಜೊತೆ ಇಬ್ಬರು ಹೋಗಲಿ, ಅವರಲ್ಲೊಬ್ಬರಿಗೆ ದಾರಿ ಗೊತ್ತಿರಲಿ. ಹುಷಾರಿಲ್ಲದವರ ಬ್ಯಾಗು ಬೇರೆಯವರ ಬೆನ್ನಿಗೆ. ಅಂಕಿ ಬರೆದ ಪುಸ್ತಕದ ಹಾಳೆ, ಟಾರ್ಚು, ಒಂದು ಹೊತ್ತಿನ ಊಟ, ಸ್ಲೀಪಿಂಗ್ ಬ್ಯಾಗ್ ಜೊತೆಯಲ್ಲಿರಲಿ. ಸಿಗ್ನಲ್ ಸಿಕ್ಕಿದ ಮೊದಲ ಜಾಗದಲ್ಲಿ 108 ಅಥವಾ 112. ಮೇಲೆ ಹೇಳಿದ ಎರಡು ಗಂಭೀರ ಸ್ಥಿತಿಯಾದರೆ ತಂಡ ಒಡೆಯಬೇಡಿ, ಎಲ್ಲರೂ ಇಳಿಯಿರಿ, ಹೊರಲು ಆಳು ಬೇಕು. ವಿಮೆ ಮಾಡಿಸುವಾಗ ಎಷ್ಟು ಎತ್ತರದವರೆಗೆ ಅನ್ವಯ, ಹೆಲಿಕಾಪ್ಟರ್ ಸೇರಿದೆಯೇ ಎಂದು ಓದಿಯೇ ಹಣ ಕಟ್ಟಿ.

ಇಳಿದವರ ಜೀಪು, ಕೋಣೆ, ಆಸ್ಪತ್ರೆ, ಬದಲಿಸಬೇಕಾದ ಟಿಕೆಟ್ ಎಲ್ಲವೂ ತಂಡದ ಹಣದಿಂದ ಎಂದು ಮೈಸೂರು ಬಿಡುವ ಮುಂಚೆಯೇ ಒಪ್ಪಿಕೊಳ್ಳಿ. ತಲೆಗೆ 3,000 ರೂಪಾಯಿಯಂತೆ ಎತ್ತಿಟ್ಟರೆ ಎಂಟು ಜನಕ್ಕೆ 24,000. ಮೇಲೆ ಎಟಿಎಂ ಇಲ್ಲ, ಫೋನಿನಲ್ಲಿ ಹಣ ಹೋಗುವುದಿಲ್ಲ, ಆದ್ದರಿಂದ ನಗದಾಗಿಯೇ ಇರಲಿ, ಅರ್ಧ ಮುಂದೆ ನಡೆಯುವವರ ಬಳಿ, ಅರ್ಧ ಕೊನೆಯವರ ಬಳಿ.